ಸಮವಸ್ತ್ರವೂ ಒಂದು ದಾಖಲೆ: ಜನರಲ್ ತಿಮ್ಮಯ್ಯನವರ ಸೈನಿಕ ಉಡುಪನ್ನು ಕುರಿತು

1

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯನ್ನು ಕಂಡವರಿಗೆ ಪರುಷ ಬಟ್ಟಲಿನ ದರ್ಶನದ ಸಂದರ್ಭವನ್ನು ವಿವರಿಸಬೇಕಾಗಿಲ್ಲ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಬಳಸಿದುದೆಂದು ಭಕ್ತರು ನಂಬಿರುವ ಆ ಬಟ್ಟಲನ್ನು ಜಾತ್ರೆಯಲ್ಲಿ ಎತ್ತಿ ತೋರಿಸುತ್ತಾರೆ. ನೆರೆದ ಜನಸ್ತೋಮ ಕೈಮುಗಿಯುತ್ತದೆ. ಒಬ್ಬ ವ್ಯಕ್ತಿಯ ಕೈ ಮುಟ್ಟಿದ ವಸ್ತುವಿನಲ್ಲಿ ಆ ವ್ಯಕ್ತಿಯ ಸಾನ್ನಿಧ್ಯವನ್ನು ಕಾಣುವುದು ಮನುಷ್ಯಸಹಜವಾದ ಭಾವ. ಗುಡಿಯಲ್ಲಿ ಅದು ಭಕ್ತಿಯಾಗುತ್ತದೆ, ಮನೆಯಲ್ಲಿ ಹಿರಿಯರ ನೆನಪಾಗುತ್ತದೆ. ವಸ್ತುಸಂಗ್ರಹಾಲಯದಲ್ಲಿ ಅದು ಏನಾಗಬೇಕು ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ವಿಚಾರಮಾಡಲು ನಾವು ಆರಿಸಿಕೊಂಡಿರುವುದು ಮಡಿಕೇರಿಯ ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿರುವ ಸೈನಿಕ ಉಡುಪನ್ನು. ಕಲಬುರಗಿಯ ವಿದ್ಯಾರ್ಥಿಗೆ ಕೊಡಗಿನ ಸೇನಾಪತಿಯ ಅಂಗಿಯಿಂದ ಆಗಬೇಕಾದುದೇನು ಎಂಬ ಸಂದೇಹ ಸಹಜವಾಗಿಯೇ ಏಳುತ್ತದೆ. ಮುಂದೆ ಕಾಣುವಂತೆ, ತಿಮ್ಮಯ್ಯನವರು ಮೊದಲು ಸೇವೆಮಾಡಿದ ರೆಜಿಮೆಂಟಿನ ಬೇರುಗಳು ಇರುವುದು ಈ ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನದ ನೆಲದಲ್ಲಿಯೇ; ಆ ಕಥೆಯ ಒಂದು ಅಧ್ಯಾಯ ಸುರಪುರದಲ್ಲಿಯೇ ನಡೆದಿದೆ.

2

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಡೆಹರಾಡೂನಿನ ಸೈನಿಕ ವಿದ್ಯಾಲಯದಲ್ಲಿಯೂ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, 1926ರಲ್ಲಿ ಅಧಿಕಾರಿಯಾದರು. ಅಂದಿನ ಪದ್ಧತಿಯಂತೆ ಮೊದಲು ಒಂದು ಸ್ಕಾಟಿಷ್ ರೆಜಿಮೆಂಟಿನಲ್ಲಿ ಕೆಲಕಾಲವಿದ್ದು, ಅನಂತರ 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಟಾಲಮನ್ನು ಸೇರಿದರು. 1957ರ ಮೇ ತಿಂಗಳಿಂದ 1961ರ ಮೇ ತಿಂಗಳವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ತರುವಾಯ 1964ರಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವವನ್ನು ವಹಿಸಿಕೊಂಡು, ಆ ಕರ್ತವ್ಯದಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ನಿಧನರಾದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. ಅಲ್ಲಿನ ಲಾರ್ನಕ ನಗರದ ಒಂದು ಹೆದ್ದಾರಿ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಅವರ ಮಡಿಕೇರಿಯ ಮನೆಯ ಹೆಸರು 'ಸನ್ನಿಸೈಡ್'. ಬಹುಕಾಲ ಸರ್ಕಾರಿ ಕಚೇರಿಯಾಗಿದ್ದ ಆ ಮನೆಯನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಯಿತು. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ತಿಮ್ಮಯ್ಯನವರ ಸಮವಸ್ತ್ರ, ಪದಕಗಳು, ಛಾಯಾಚಿತ್ರಗಳು ಅಲ್ಲಿವೆ.

ಸಮವಸ್ತ್ರವನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಅದರ ಮುಂದೆ ಕ್ಷಣಕಾಲ ನಿಂತು, ಗೌರವದಿಂದ ನೋಡಿ, ಮುಂದೆ ಸಾಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಸನವನ್ನು ಕಂಡು ಕೈಮುಗಿದು ಹೋಗುವವನಿಗೂ ಅದರ ಅಕ್ಷರಗಳನ್ನು ಓದುವವನಿಗೂ ಇರುವ ಅಂತರ ಇಲ್ಲಿಯೂ ಉಂಟು. ಸಮವಸ್ತ್ರದಲ್ಲಿ ಸ್ವೇಚ್ಛೆಯಿಂದ ಇಟ್ಟ ಅಂಶ ಬಹಳ ಕಡಮೆ. ಬಣ್ಣ, ಗುಂಡಿ, ಹೆಗಲ ಮೇಲಿನ ಬಿಲ್ಲೆ, ಎದೆಯ ಮೇಲಿನ ಪಟ್ಟಿಗಳ ಅನುಕ್ರಮ ಇವೆಲ್ಲ ನಿಯಮಬದ್ಧವಾದವು. ನಿಯಮಬದ್ಧವಾದುದರಿಂದಲೇ ಅದನ್ನು ಲಿಪಿಯಂತೆ ಓದಲು ಸಾಧ್ಯ.

3

ಮೊದಲು ಬಣ್ಣವನ್ನು ನೋಡೋಣ. 'ಖಾಕ್' ಎಂದರೆ ಧೂಳು. ಧೂಳಿನ ಬಣ್ಣದ್ದು ಖಾಕಿ. ದಖನಿಯನ್ನು ಕೇಳಿ ಬೆಳೆದ ಕಲಬುರಗಿಯವರಿಗೆ ಈ ವ್ಯುತ್ಪತ್ತಿ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಾಯವ್ಯ ಗಡಿಯ ದಳವೊಂದು ಈ ಬಣ್ಣವನ್ನು ಮೊದಲು ಬಳಕೆಗೆ ತಂದಿತು. ಹೆಚ್ಚುಕಡಮೆ ಅದೇ ಕಾಲದಲ್ಲಿ, 1850ರ ದಶಕದ ಆರಂಭದಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬ ಜರ್ಮನ್ ನೇಯ್ಗೆಗಾರನು ಖಾಕಿ ಬಣ್ಣವನ್ನು ಸಿದ್ಧಪಡಿಸಿದನು. ಆದುದರಿಂದ ಸೈನಿಕ ವಸ್ತ್ರದ ಚರಿತ್ರೆಯಲ್ಲಿ ಕರ್ನಾಟಕದ ಮಗ್ಗಕ್ಕೂ ಒಂದು ಪಾಲಿದೆ.

ತಿಮ್ಮಯ್ಯನವರು ಸೈನ್ಯ ಸೇರಿದಾಗ ಖಾಕಿಯೇ ನಿತ್ಯದ ಉಡುಪಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳೊಳಗೆ ಹೋರಾಡಬೇಕಾಗಿ ಬಂದಾಗ ಧೂಳಿನ ಬಣ್ಣ ಮರೆಯಾಗುವುದರ ಬದಲು ಎದ್ದು ತೋರತೊಡಗಿತು. ಹಸುರು ಬಣ್ಣದ ಉಡುಪು ಬಳಕೆಗೆ ಬಂತು. ಸ್ವತಂತ್ರ ಭಾರತದ ಭೂಸೇನೆಯು ಮುಂದೆ ಆಲಿವ್ ಹಸುರನ್ನೇ ತನ್ನ ಗುರುತಾಗಿ ಉಳಿಸಿಕೊಂಡಿತು. ಖಾಕಿ ಪೊಲೀಸರಿಗೆ ಸಂದಿತು. ಹೀಗೆ ಒಬ್ಬ ಅಧಿಕಾರಿಯ ಪೆಟ್ಟಿಗೆಯಲ್ಲಿರುವ ಎರಡು ಅಂಗಿಗಳ ಬಣ್ಣವನ್ನು ಹೋಲಿಸಿದರೆ, ಮರುಭೂಮಿ ಮತ್ತು ಗುಡ್ಡಗಾಡಿನ ಗಡಿಯುದ್ಧದಿಂದ ಅರಣ್ಯಯುದ್ಧಕ್ಕೆ ಆದ ಸ್ಥಿತ್ಯಂತರವೇ ಕಣ್ಣಿಗೆ ಬೀಳುತ್ತದೆ.

4

ಎರಡನೆಯದು ರೆಜಿಮೆಂಟಿನ ಬಿಲ್ಲೆ. ನಮಗೆ ಇದು ಅತ್ಯಂತ ಮುಖ್ಯವಾದ ಭಾಗ.

ತಿಮ್ಮಯ್ಯನವರು ಸೇರಿದ ಹೈದರಾಬಾದ್ ರೆಜಿಮೆಂಟು 1945ರ ಅಕ್ಟೋಬರಿನಲ್ಲಿ ಕುಮಾಊಂ ರೆಜಿಮೆಂಟ್ ಎಂಬ ಹೊಸ ಹೆಸರನ್ನು ಪಡೆಯಿತು. ಸೈನಿಕರು ಬಹುಮಟ್ಟಿಗೆ ಉತ್ತರದ ಕುಮಾಊಂ ಬೆಟ್ಟಗಳಿಂದಲೂ ಬಯಲುಸೀಮೆಯಿಂದಲೂ ಬರುತ್ತಿದ್ದರು; ಹೈದರಾಬಾದಿನ ಹೆಸರು ಉಳಿದಿದ್ದುದು ಕೇವಲ ಚರಿತ್ರೆಯ ಬಲದಿಂದ. ಹೆಸರು ಹೋದರೂ ಬಿಲ್ಲೆಯಲ್ಲಿ ಗುರುತು ಉಳಿಯಿತು. ಕುಮಾಊಂ ರೆಜಿಮೆಂಟಿನ ಲಾಂಛನದಲ್ಲಿ ಶಿಲುಬೆಯನ್ನು ಹಿಡಿದು ಎದ್ದುನಿಂತ ಅರ್ಧಸಿಂಹವೊಂದಿದೆ. ಇದು ಹಿಮಾಲಯದ ಸಿಂಹವೂ ಅಲ್ಲ, ಅಶೋಕನ ಸಿಂಹವೂ ಅಲ್ಲ. ರಸೆಲ್ ಎಂಬ ಆಂಗ್ಲ ಮನೆತನದ ಕುಲಲಾಂಛನ. ಹೆನ್ರಿ ರಸೆಲ್ 1811ರಿಂದ 1820ರವರೆಗೆ ಹೈದರಾಬಾದಿನ ನಿಜಾಮರ ದರಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದನು. ಅವನು ಕಟ್ಟಿದ 'ರಸೆಲ್ ಬ್ರಿಗೇಡ್' ಎಂಬ ಪಡೆಯೇ ಬೆಳೆದು ಹೈದರಾಬಾದ್ ಕಂಟಿಂಜೆಂಟ್ ಆಯಿತು. 1903ರಲ್ಲಿ ಬ್ರಿಟಿಷ್ ಇಂಡಿಯದ ಸೈನ್ಯದಲ್ಲಿ ಲೀನವಾಯಿತು. 1922ರ ಪುನರ್ವ್ಯವಸ್ಥೆಯಲ್ಲಿ ಅದರ ಪಟಾಲಮುಗಳಿಂದ 19ನೆಯ ಹೈದರಾಬಾದ್ ರೆಜಿಮೆಂಟು ರೂಪುಗೊಂಡಿತು.

ಈ ಕಂಟಿಂಜೆಂಟಿನ ವೆಚ್ಚವನ್ನು ಹೊತ್ತವರು ಯಾರು? ಪಡೆಯನ್ನು ನಡೆಸುತ್ತಿದ್ದವರು ಆಂಗ್ಲ ಅಧಿಕಾರಿಗಳು, ಸಂಬಳ ಕೊಡಬೇಕಾದವರು ನಿಜಾಮರು. ಬಾಕಿ ಬೆಳೆದು ಬೆಟ್ಟವಾದಾಗ 1853ರ ಒಪ್ಪಂದದಂತೆ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬಿನ ಆಡಳಿತವನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಣ ಹೊಲಗಳ ಕಂದಾಯ ಈ ಪಡೆಯ ಸಂಬಳಕ್ಕೆ ಸಂದಾಯವಾಯಿತೆಂದರೆ ಉತ್ಪ್ರೇಕ್ಷೆಯಾಗದು. 1860ರಲ್ಲಿ ರಾಯಚೂರು ದೋಆಬನ್ನು ನಿಜಾಮರಿಗೆ ಹಿಂದಿರುಗಿಸಲಾಯಿತು.

ಈ ನಡುವೆ, 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದಾಗ, ಅವನ ಮೇಲೆ ಮೊದಲು ಬಂದ ದಂಡು ಲಿಂಗಸುಗೂರಿನಲ್ಲಿ ಬೀಡುಬಿಟ್ಟಿದ್ದ ಇದೇ ಕಂಟಿಂಜೆಂಟಿನದು. ಆ ನಾಯಕನ ಬಾಲ್ಯದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್ ಕೂಡ ನಿಜಾಮರ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನೇ. ಸುರಪುರ ಸಂಸ್ಥಾನ ಅಲ್ಲಿಗೆ ಮುಗಿಯಿತು. 1860ರಲ್ಲಿ ಅದರ ಪ್ರದೇಶ ನಿಜಾಮರ ಪಾಲಾಯಿತು.

ಇಲ್ಲಿ ವಿದ್ಯಾರ್ಥಿಯು ಒಂದು ಕಠಿನವಾದ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ವೆಂಕಟಪ್ಪ ನಾಯಕನ ಮೇಲೆ ಹೋದ ಪಡೆಯ ಪರಂಪರೆಯಲ್ಲಿಯೇ, ತಿಮ್ಮಯ್ಯನವರ ಮೊದಲ ಪಟಾಲಮಿನಲ್ಲಿಯೇ, ಮೇಜರ್ ಸೋಮನಾಥ ಶರ್ಮ ಇದ್ದರು. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ ಶ್ರೀನಗರದ ವಿಮಾನನೆಲೆಯನ್ನು ಉಳಿಸುವ ಹೋರಾಟದಲ್ಲಿ ಪ್ರಾಣಕೊಟ್ಟು ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದವರು ಅವರು. ಒಂದೇ ಬಿಲ್ಲೆ ಎರಡಕ್ಕೂ ಸಾಕ್ಷಿ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸುಲಭ, ಆದರೆ ಹಾಗೆ ಮಾಡಿದರೆ ಅದು ಸ್ತೋತ್ರವಾಗುವುದು, ಇಲ್ಲವೆ ನಿಂದೆಯಾಗುವುದು, ಚರಿತ್ರೆಯಾಗದು. ಪರಕೀಯರ ಅಧೀನದಲ್ಲಿ ಹುಟ್ಟಿದ ಸಂಸ್ಥೆಯೊಂದು ಸ್ವತಂತ್ರ ದೇಶದ ರಕ್ಷಣೆಗೆ ನಿಂತ ಪರಿವರ್ತನೆ ಹೇಗಾಯಿತೆಂಬುದೇ ವಿವೇಚಿಸಬೇಕಾದ ವಿಷಯ.

5

ಆ ಪರಿವರ್ತನೆಯ ಅಧಿಕೃತ ಲಿಖಿತವನ್ನು ಹೆಗಲ ಪಟ್ಟಿಯ ಮೇಲೆ ಕಾಣಬಹುದು. ಬ್ರಿಟಿಷ್ ಕಾಲದಲ್ಲಿ ಮೇಜರನ ಹೆಗಲಿಗೆ ಒಂದು ಕಿರೀಟ, ಲೆಫ್ಟಿನೆಂಟ್ ಕರ್ನಲನಿಗೆ ಕಿರೀಟವೂ ನಕ್ಷತ್ರವೂ, ಬ್ರಿಗೇಡಿಯರನಿಗೆ ಕಿರೀಟವೂ ಮೂರು ನಕ್ಷತ್ರಗಳೂ ಇದ್ದವು. 1950ರ ಜನವರಿ 26ರಂದು ಭಾರತ ಗಣರಾಜ್ಯವಾದಾಗ ಕಿರೀಟದ ಸ್ಥಾನದಲ್ಲಿ ಅಶೋಕನ ಸಿಂಹಶೀರ್ಷ ಬಂತು. ಬ್ರಿಟಿಷರ 'ಬಾತ್' ಗೌರವದ ನಕ್ಷತ್ರ ಹೋಗಿ ಐದು ಮೊನೆಗಳ ನಕ್ಷತ್ರ ಬಂತು.

ತಿಮ್ಮಯ್ಯನವರ ವೃತ್ತಿಜೀವನಕ್ಕೆ ಇದನ್ನು ಅನ್ವಯಿಸಿದರೆ ಒಂದು ಸ್ವಾರಸ್ಯವಾದ ಸಂಗತಿ ಹೊರಪಡುತ್ತದೆ. ಮೇಜರ್ ಜನರಲನ ಚಿಹ್ನೆ ಒಂದನ್ನೊಂದು ದಾಟಿದ ಕತ್ತಿ ಮತ್ತು ದಂಡ, ಅದರ ಮೇಲೊಂದು ನಕ್ಷತ್ರ. ಅದರಲ್ಲಿ ಕಿರೀಟಕ್ಕೂ ಎಡೆಯಿಲ್ಲ, ಸಿಂಹಕ್ಕೂ ಎಡೆಯಿಲ್ಲ. ತಿಮ್ಮಯ್ಯನವರು 1947ರಲ್ಲಿ ಆ ಹುದ್ದೆಗೆ ಏರಿದರು. ಗಣರಾಜ್ಯ ಬಂದಾಗಲೂ ಅದೇ ಹುದ್ದೆಯಲ್ಲಿದ್ದರು. ಬ್ರಿಗೇಡಿಯರ್ ಆಗಿದ್ದಾಗ ಅವರ ಹೆಗಲಿನಲ್ಲಿದ್ದುದು ಕಿರೀಟ. ಮುಂದೆ ಲೆಫ್ಟಿನೆಂಟ್ ಜನರಲ್ ಆದಾಗ ಬಂದುದು ಸಿಂಹ. ರಾಜ್ಯಸತ್ತೆ ಬದಲಾದ ಆ ನಡುವಣ ವರ್ಷಗಳಲ್ಲಿ ಅವರ ಹುದ್ದೆಯ ಚಿಹ್ನೆ ಎರಡನ್ನೂ ಹೊರಲಿಲ್ಲ.

ಆ ವರ್ಷಗಳಲ್ಲಿಯೇ ಅವರ ಅತ್ಯಂತ ಪ್ರಸಿದ್ಧವಾದ ಕಾರ್ಯ ನಡೆದುದು. ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ಸೋಜಿಲಾ ಕಣಿವೆದಾರಿ ಸುಮಾರು 11,500 ಅಡಿ ಎತ್ತರದಲ್ಲಿದೆ. ಅದನ್ನು ಹಿಡಿದಿದ್ದ ಶತ್ರುಗಳನ್ನು ಪದಾತಿದಳದಿಂದ ಮಾತ್ರ ತೆರವುಗೊಳಿಸುವ ಪ್ರಯತ್ನ ವಿಫಲವಾದಾಗ, 7ನೆಯ ಅಶ್ವದಳದ ಹಗುರ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಅಲ್ಲಿಗೆ ಏರಿಸಿ, 1948ರ ನವೆಂಬರ್ 1ರಂದು ದಾಳಿ ಮಾಡಲಾಯಿತು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಬರುವುದನ್ನು ಯಾರೂ ನಿರೀಕ್ಷಿಸಿರಲಿಲ್ಲ. ವಿಭಾಗದ ದಂಡನಾಯಕರಾಗಿದ್ದ ತಿಮ್ಮಯ್ಯನವರು ಸ್ವತಃ ಮುಂಚೂಣಿಯಲ್ಲಿದ್ದರು. ಅಂದು ದಾರಿ ತೆರೆಯದಿದ್ದರೆ ಲೇಹ್ ಪಟ್ಟಣ ಚಳಿಗಾಲದುದ್ದಕ್ಕೂ ಒಂಟಿಯಾಗುತ್ತಿತ್ತು.

6

ಇನ್ನು ಎದೆಯ ಮೇಲಿನ ಬಣ್ಣದ ಪಟ್ಟಿಗಳು. ನಿತ್ಯದ ಉಡುಪಿನಲ್ಲಿ ಪದಕದ ಬದಲಾಗಿ ಅದರ ರಿಬ್ಬನ್ನಿನ ತುಣುಕನ್ನು ಮಾತ್ರ ಧರಿಸುತ್ತಾರೆ. ನೋಡುವವನಿಗೆ ಇವು ಅಲಂಕಾರ; ಬಲ್ಲವನಿಗೆ ಒಂದೊಂದೂ ಒಂದು ಪುಟ.

ನೀಲಿ ಅಂಚಿನ ಕೆಂಪು ಪಟ್ಟಿ 'ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್' ಎಂಬ ಬ್ರಿಟಿಷ್ ಗೌರವದ್ದು. 1945ರ ಜನವರಿಯಲ್ಲಿ ಬರ್ಮಾದ ಅರಕಾನ್ ತೀರದ ಕಂಗಾವ್ ಎಂಬಲ್ಲಿ ನಡೆದ ಘೋರ ಕದನದಲ್ಲಿ, 51ನೆಯ ಬ್ರಿಗೇಡಿನ ಮೂರು ಪಟಾಲಮುಗಳನ್ನೂ ಭಾರತೀಯರೇ ನಡೆಸಿದರು: ತಿಮ್ಮಯ್ಯ, ಥೋರಟ್ ಮತ್ತು ಸೇನ್. ಮೂವರಿಗೂ ಈ ಗೌರವ ದೊರಕಿತು. ಭಾರತೀಯ ಅಧಿಕಾರಿಗೆ ಪಟಾಲಮಿನ ನಾಯಕತ್ವ ಒಪ್ಪಿಸಬಹುದೆ ಎಂದು ಸಂಶಯಪಡುತ್ತಿದ್ದ ಕಾಲದಲ್ಲಿ ಈ ಕೆಂಪು ಪಟ್ಟಿ ಒಂದು ಉತ್ತರವಾಗಿತ್ತು. ಕಡುನೀಲಿ, ಕೆಂಪು, ತಿಳಿನೀಲಿಗಳ ಮೂರು ಸಮಭಾಗಗಳುಳ್ಳ ಪಟ್ಟಿ 1939-45ರ ಯುದ್ಧದ್ದು; ನೌಕಾ, ಭೂ, ವಾಯು ಸೇನೆಗಳನ್ನು ಅವು ಸೂಚಿಸುತ್ತವೆ. ಕೇಸರಿ, ಬಿಳಿ, ಹಸುರಿನ ಪಟ್ಟಿ ಸ್ವಾತಂತ್ರ್ಯದ ನೆನಪಿಗೆ ಕೊಟ್ಟ ಪದಕದ್ದೆಂದು ಹೇಳಬೇಕಾಗಿಲ್ಲ.

1954ರಲ್ಲಿ ತಿಮ್ಮಯ್ಯನವರಿಗೆ ಬಂದ ಪದ್ಮಭೂಷಣ ಯುದ್ಧಕ್ಕಾಗಿ ಬಂದುದಲ್ಲ. ಕೊರಿಯಾ ಯುದ್ಧ ನಿಂತಾಗ ಸ್ವದೇಶಕ್ಕೆ ಮರಳಲೊಪ್ಪದ ಚೀನೀ ಮತ್ತು ಉತ್ತರ ಕೊರಿಯಾದ ಸುಮಾರು 22,600 ಸೆರೆಯಾಳುಗಳೂ ಎದುರು ಪಕ್ಷದಲ್ಲಿ 359 ಮಂದಿಯೂ ಇದ್ದರು. ಇವರ ಇಚ್ಛೆಯನ್ನು ವಿಚಾರಿಸಲು ಸ್ವೀಡನ್, ಸ್ವಿಟ್ಸರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತಗಳ ಆಯೋಗ ರಚಿತವಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಉಭಯಪಕ್ಷಗಳೂ ಸಂಶಯದಿಂದ ನೋಡುತ್ತಿದ್ದ ಆ ಕಾರ್ಯವನ್ನು 1953-54ರಲ್ಲಿ ನಿಷ್ಪಕ್ಷಪಾತವಾಗಿ ನಡೆಸಿದುದಕ್ಕೆ ಈ ಮನ್ನಣೆ. ಕಂಗಾವಿನ ಕೆಂಪು ಪಟ್ಟಿಯೂ ಕೊರಿಯಾದ ಶಾಂತಿಕಾರ್ಯದ ಮನ್ನಣೆಯೂ ಒಂದೇ ಎದೆಯ ಮೇಲೆ ಬಂದುವೆಂಬುದನ್ನು ಗಮನಿಸಬೇಕು.

7

ಆದರೆ ಯಾವ ದಾಖಲೆಯೂ ಎಲ್ಲವನ್ನೂ ಹೇಳುವುದಿಲ್ಲ. ಸಮವಸ್ತ್ರದ ಮೌನಗಳನ್ನೂ ಅರಿಯುವುದು ವಿಮರ್ಶಕನ ಕರ್ತವ್ಯ.

ಬ್ರಿಟಿಷರ ಕೈಕೆಳಗೆ ಸೇವೆಮಾಡುತ್ತಿದ್ದ ಭಾರತೀಯ ಅಧಿಕಾರಿಯ ಮನಸ್ಸಿನ ತುಮುಲವನ್ನು ಬಟ್ಟೆ ಹೇಳಲಾರದು. ತಿಮ್ಮಯ್ಯನವರ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಅಲಹಾಬಾದಿನ ಸಿನಿಮಾ ಮಂದಿರದಲ್ಲಿ ಹಿರಿಯರೊಬ್ಬರು ಈ ತರುಣ ಅಧಿಕಾರಿಯನ್ನು ಕಂಡು, ಬ್ರಿಟಿಷರ ಸಮವಸ್ತ್ರವನ್ನು ತೊಟ್ಟರೆ ಹೇಗೆನಿಸುತ್ತದೆ ಎಂದು ಕೇಳಿದರಂತೆ. ಸೆಖೆಯಾಗುತ್ತದೆ ಎಂದಷ್ಟೇ ಇವರು ಉತ್ತರಕೊಟ್ಟರಂತೆ. ಕೇಳಿದವರು ಮೋತಿಲಾಲ್ ನೆಹರೂ. ಹಾಸ್ಯದ ಹಿಂದೆ ಅಡಗಿದ ಇಕ್ಕಟ್ಟನ್ನು ಊಹಿಸಬಹುದು. ಅವರ ಅಣ್ಣ ಪೊನ್ನಪ್ಪನವರು ಮುಂದೆ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದರು. ಒಂದೇ ಮನೆಯ ಇಬ್ಬರು ಸಹೋದರರು ಎದುರುಬದುರಿನ ಎರಡು ಸಮವಸ್ತ್ರಗಳನ್ನು ಧರಿಸಿದ್ದರೆಂಬುದು ಗಾಜಿನ ಪೆಟ್ಟಿಗೆಯಲ್ಲಿರುವ ಒಂದು ಅಂಗಿಯಿಂದ ತಿಳಿಯುವ ಮಾತಲ್ಲ.

ಹಾಗೆಯೇ 1959ರಲ್ಲಿ ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬಂದು, ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ರಾಜೀನಾಮೆಯನ್ನು ಸಲ್ಲಿಸಿ, ಪ್ರಧಾನಿ ನೆಹರೂ ಅವರ ಮಾತಿಗೆ ಹಿಂತೆಗೆದುಕೊಂಡರು. ಇದರ ಗುರುತೂ ಉಡುಪಿನಲ್ಲಿಲ್ಲ. ಗೌರವಗಳಿಗೆ ಪಟ್ಟಿಯುಂಟು, ಮನಸ್ತಾಪಗಳಿಗಿಲ್ಲ. ಆದಕಾರಣ ವಸ್ತುವನ್ನು ಕಾಗದಪತ್ರಗಳೊಡನೆಯೂ ಬದುಕಿರುವವರ ಹೇಳಿಕೆಗಳೊಡನೆಯೂ ಇಟ್ಟು ಓದಬೇಕು. ಕೊಡಗಿನ ಕುಪ್ಯ, ಚೇಲೆ, ಪೀಚೆಕತ್ತಿಗಳ ಉಡುಪಿನ ಸಂಪ್ರದಾಯದಲ್ಲಿ ಬೆಳೆದವರೊಬ್ಬರು ಸಾಮ್ರಾಜ್ಯದ ಉಡುಪನ್ನೂ ಬಳಿಕ ಗಣರಾಜ್ಯದ ಉಡುಪನ್ನೂ ತೊಟ್ಟರೆಂಬ ಹಿನ್ನೆಲೆ ಆಗ ತಿಳಿದೀತು.

8

ಕೊನೆಯದಾಗಿ ರಕ್ಷಣೆಯ ವಿಷಯ. ಶಿಲಾಶಾಸನ ಸಾವಿರ ವರ್ಷ ಬಾಳೀತು. ಬಟ್ಟೆ ನೂರು ವರ್ಷ ಬಾಳುವುದೂ ಕಷ್ಟ. ಉಣ್ಣೆ ಪ್ರಾಣಿಜನ್ಯವಾದುದರಿಂದ ಬಟ್ಟೆಯ ನುಸಿಗೂ ಹುಳಕ್ಕೂ ಆಹಾರ. ಹತ್ತಿಯನ್ನೂ ಗಂಜಿಯನ್ನೂ ಬೆಳ್ಳಿಹುಳ ತಿನ್ನುತ್ತದೆ. ಬೆಳಕು ಬಣ್ಣವನ್ನು ಕೆಡಿಸುತ್ತದೆ. ಕೆಟ್ಟ ಬಣ್ಣ ಮತ್ತೆ ಬರುವುದಿಲ್ಲ. ಆದಕಾರಣವೇ ವಸ್ತ್ರಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದೆಂದು ಸಂಗ್ರಹಾಲಯ ಶಾಸ್ತ್ರದ ನಿಯಮ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಮಡಿಕೇರಿಯಲ್ಲಿ ಬೂಷ್ಟಿನ ಭಯ ಹೆಚ್ಚು. ಬೇಸಗೆ ಕಡುವಾದ ಕಲಬುರಗಿಯಲ್ಲಿ ಎಳೆಗಳು ಒಣಗಿ ಸಿಡಿಯುವ ಭಯ ಹೆಚ್ಚು. ಹಿತ್ತಾಳೆಯ ಬಿಲ್ಲೆಗಳನ್ನು ಬರಿಗೈಯಿಂದ ಮುಟ್ಟಿದರೆ ಬೆವರಿನ ಉಪ್ಪು ಅವನ್ನು ತಿನ್ನುತ್ತದೆ. ಹೊಳಪು ಬರಲೆಂದು ಉಜ್ಜಿದರೆ ಕೆತ್ತನೆಯೇ ಸವೆದುಹೋಗುತ್ತದೆ.

ಸೈನ್ಯದಲ್ಲಿ ದುಡಿದು ಮರಳಿದವರ ಮನೆಗಳು ನಮ್ಮ ಜಿಲ್ಲೆಗಳಲ್ಲಿಯೂ ಇವೆ. ಆ ಮನೆಗಳ ಟ್ರಂಕುಗಳಲ್ಲಿ ಹಳೆಯ ಅಂಗಿ, ಬಿಲ್ಲೆ, ಪದಕಗಳು ಇರುವುದು ಸಂಭವನೀಯ. ಇವು ಹೆಚ್ಚಾಗಿ ಸಾಮಾನ್ಯ ಸಿಪಾಯಿಗಳವಾಗಿದ್ದು ಗಾಜಿನ ಪೆಟ್ಟಿಗೆಯ ಭಾಗ್ಯವನ್ನು ಕಂಡವಲ್ಲ. ಇಂಥ ವಸ್ತು ಕಣ್ಣಿಗೆ ಬಿದ್ದಾಗ ವಿದ್ಯಾರ್ಥಿಗಳು ಮನೆಯವರ ಒಪ್ಪಿಗೆ ಪಡೆದು ಅದರ ಛಾಯಾಚಿತ್ರ ತೆಗೆಯಬೇಕು. ಒಳಮಡಿಕೆಯಲ್ಲಿರುವ ದರ್ಜಿಯ ಚೀಟಿಯನ್ನೂ ಅಂಕಿಗಳನ್ನೂ ಬರೆದುಕೊಳ್ಳಬೇಕು. ಯಾರು, ಯಾವ ಪಟಾಲಮಿನಲ್ಲಿ, ಯಾವ ವರ್ಷಗಳಲ್ಲಿ ಧರಿಸಿದರೆಂದು ಕೇಳಿ ದಾಖಲಿಸಬೇಕು. ತೊಳೆಯುವುದು, ಇಸ್ತ್ರಿ ಮಾಡುವುದು, ಕಿತ್ತ ಗುಂಡಿಯ ಬದಲು ಹೊಸದನ್ನು ಹೊಲಿಯುವುದು ಸರ್ವಥಾ ಕೂಡದು. ತಂತಿಯ ಕೊಕ್ಕೆಗೆ ತೂಗುಹಾಕದೆ, ಆಮ್ಲರಹಿತ ಕಾಗದವನ್ನು ಮಡಿಕೆಗಳಲ್ಲಿಟ್ಟು ಚಪ್ಪಟೆಯಾಗಿ ಇಡುವುದು ಕ್ಷೇಮ.

ಈ ಕೆಲಸಕ್ಕೆ ತ್ವರೆಯೂ ಅಗತ್ಯ. 2023ರ ಆಗಸ್ಟ್ 1ರಿಂದ ಭಾರತದ ಭೂಸೇನೆಯಲ್ಲಿ ಬ್ರಿಗೇಡಿಯರ್ ಮತ್ತು ಅದಕ್ಕೂ ಮೇಲಿನ ಅಧಿಕಾರಿಗಳೆಲ್ಲರಿಗೂ, ಅವರ ರೆಜಿಮೆಂಟು ಯಾವುದೇ ಇರಲಿ, ಒಂದೇ ಬಗೆಯ ಸಮವಸ್ತ್ರವನ್ನು ಗೊತ್ತುಪಡಿಸಲಾಗಿದೆ. ಸೈನ್ಯದ ಐಕ್ಯದ ದೃಷ್ಟಿಯಿಂದ ಈ ನಿರ್ಧಾರ ಯುಕ್ತವೇ. ಆದರೆ ಹಿರಿಯ ಅಧಿಕಾರಿಯ ಉಡುಪಿನಲ್ಲಿ ಅವನ ಹಳೆಯ ಪಟಾಲಮಿನ ಗುರುತನ್ನು ಹುಡುಕುವ ದಾರಿ ಇನ್ನು ಮುಂದಿನ ಸಂಶೋಧಕನಿಗೆ ಇರುವುದಿಲ್ಲ. ರಸೆಲ್‌ನ ಸಿಂಹದಿಂದ ಸುರಪುರದವರೆಗೆ ನಾವು ಮೇಲೆ ನಡೆದುಬಂದ ಹಾದಿ ಇಂಥ ಒಂದು ಬಿಲ್ಲೆಯಿಂದಲೇ ತೆರೆದುದು. ಇಂಥವು ಇನ್ನೆಷ್ಟು ಉಳಿದಿವೆಯೆಂದು ನಮ್ಮ ಕಾಲೇಜುಗಳ ಚರಿತ್ರೆಯ ಸಂಘಗಳು ಊರೂರಿನಲ್ಲಿ ವಿಚಾರಿಸಿ ಪಟ್ಟಿಮಾಡಲು ತೊಡಗಿದರೆ ಈ ಲೇಖನದ ಉದ್ದೇಶ ಸಫಲವಾದಂತೆ.